ಲಿಯೋಪೋಲ್ಡಿನಾಳನ್ನು ಗಂಡ ಮೆಟ್ಟಿಲಿನಿಂದ ತಳ್ಳಿದ್ದು ನಿಜವಾ?

ಪ್ರಶ್ನೆ: ಸರ್, ನಮಸ್ಕಾರ. ಬ್ರೆಜಿಲ್‌ನ ಮೊದಲ ಮಹಾರಾಣಿ ಲಿಯೋಪೋಲ್ಡಿನಾ ಬಗ್ಗೆ ಒಂದು ವಿಡಿಯೋ ನೋಡಿದೆ. ಆಸ್ಟ್ರಿಯಾದ ರಾಜಕುಮಾರಿಯಂತೆ. ಬಸುರಿಯಾಗಿದ್ದಾಗ ಗಂಡ ಮೆಟ್ಟಿಲಿನಿಂದ ಒದ್ದು ಬೀಳಿಸಿದನಂತೆ, ಅದರಿಂದಲೇ ಸತ್ತಳಂತೆ. ಬ್ರೆಜಿಲ್‌ನ ಸ್ವಾತಂತ್ರ್ಯಕ್ಕೆ ಸಹಿ ಹಾಕಿದ್ದು ಗಂಡ ಅಲ್ಲ, ಆಕೆಯೇ ಅಂತಲೂ ಅದರಲ್ಲಿ ಹೇಳಿದರು. ಎರಡೂ ನಿಜವಾ? ಆಸ್ಟ್ರಿಯಾದ ಹುಡುಗಿ ಅಷ್ಟು ದೂರಕ್ಕೆ ಸೊಸೆಯಾಗಿ ಹೋಗಿದ್ದಾದರೂ ಹೇಗೆ?

ಉತ್ತರ: ಮೆಟ್ಟಿಲಿನ ವಿಷಯ ಮೊದಲು ಮುಗಿಸಿಬಿಡೋಣ, ಅದು ಸುಲಭ. ನೀವು ಕೇಳಿದ ಕತೆ ನಿಲ್ಲುವುದಿಲ್ಲ.

ಬ್ರೆಜಿಲ್‌ನಲ್ಲಿ ತಲೆಮಾರುಗಳಿಂದ ಜನ ಹೇಳಿಕೊಂಡು ಬಂದದ್ದು ಹೀಗೆ: ಚಕ್ರವರ್ತಿ ಪೆಡ್ರೋ ಸಿಟ್ಟಿನಲ್ಲಿ ಹೆಂಡತಿಯನ್ನು ಅರಮನೆ ಮೆಟ್ಟಿಲಿನಿಂದ ತಳ್ಳಿದ, ಆಕೆಯ ತೊಡೆ ಮೂಳೆ ಮುರಿಯಿತು, ಗರ್ಭ ಹೋಯಿತು, ಆಮೇಲೆ ಜೀವವೂ ಹೋಯಿತು. 2012ರಲ್ಲಿ ಸಾವೊ ಪಾಲೊದ ಸಂಶೋಧಕರು ಆಕೆಯ ಸಮಾಧಿ ತೆರೆದರು. ಅವಶೇಷಗಳನ್ನು ಆಸ್ಪತ್ರೆಗೆ ಒಯ್ದು ಸಿಟಿ ಸ್ಕ್ಯಾನ್ ಮಾಡಿಸಿದರು. ಮುಂದಿನ ವರ್ಷ ವರದಿ ಹೊರಗೆ ಬಂತು. ತೊಡೆ ಮೂಳೆ ಸರಿಯಾಗೇ ಇತ್ತು, ಬೇರೆಲ್ಲೂ ಮುರಿದ ಗುರುತು ಸಿಗಲಿಲ್ಲ. ತಮಾಷೆ ಎಂದರೆ ಅದೇ ಪರೀಕ್ಷೆಯಲ್ಲಿ ಮೂಳೆ ಮುರಿದುಕೊಂಡವನು ಅಂತ ಗೊತ್ತಾಗಿದ್ದು ಗಂಡ. ಪೆಡ್ರೋನ ನಾಲ್ಕು ಪಕ್ಕೆಲುಬು ಮುರಿದಿದ್ದವು. ಕುದುರೆಯಿಂದ ಬಿದ್ದದ್ದು ಒಮ್ಮೆ, ಸಾರೋಟು ಮಗುಚಿದ್ದು ಇನ್ನೊಮ್ಮೆ.

ಹಾಗಂತ ಪೆಡ್ರೋ ಒಳ್ಳೆಯ ಗಂಡನಾಗಿದ್ದ ಎಂದುಕೊಳ್ಳಬೇಡಿ. ಮೂಳೆಯಲ್ಲಿ ಕಾಣುವ ಏಟು ಇರಲಿಲ್ಲ, ಅಷ್ಟೇ. ಅದಕ್ಕೆ ಆಮೇಲೆ ಬರುತ್ತೇನೆ. ನನಗೆ ಬೇಸರ ಆಗುವುದು ಬೇರೆ ಕಾರಣಕ್ಕೆ. 29 ವರ್ಷ ಬದುಕಿದ ಈ ಹೆಣ್ಣುಮಗಳ ಬಗ್ಗೆ ಯಾರನ್ನೇ ಕೇಳಿದರೂ ಆ ಮೆಟ್ಟಿಲಿನಿಂದಲೇ ಶುರು ಮಾಡುತ್ತಾರೆ. ಆಕೆ ಅತ್ತಿದ್ದು ಎಲ್ಲರಿಗೂ ಗೊತ್ತು. ರಾಜಕೀಯ ಮಾಡಿದ್ದು, ಅದೂ ಗಂಡನಿಗಿಂತ ಮುಂಚೆ ಲೆಕ್ಕ ಹಾಕಿ ಮಾಡಿದ್ದು, ಜಾಸ್ತಿ ಜನಕ್ಕೆ ಗೊತ್ತಿಲ್ಲ.

ಈಗ ನಿಮ್ಮ ಕೊನೆಯ ಪ್ರಶ್ನೆ, ಆಸ್ಟ್ರಿಯಾದ ಹುಡುಗಿ ಅಲ್ಲಿಗೆ ಹೋದದ್ದು ಹೇಗೆ ಅನ್ನುವುದು. ಇದಕ್ಕೆ ನೆಪೋಲಿಯನ್ ಕಾರಣ. 1807ರ ನವೆಂಬರ್‌ನಲ್ಲಿ ಅವನ ಸೈನ್ಯ ಲಿಸ್ಬನ್ ಹೊಸಿಲಿಗೆ ಬಂದಾಗ ಪೋರ್ಚುಗಲ್‌ನ ರಾಜಮನೆತನ ಗಂಟುಮೂಟೆ ಕಟ್ಟಿಕೊಂಡು ಹಡಗು ಹತ್ತಿತು. ಬುದ್ಧಿ ಸ್ಥಿಮಿತದಲ್ಲಿಲ್ಲದ ಮುದಿ ರಾಣಿ, ಅವಳ ಹೆಸರಲ್ಲಿ ಆಳುತ್ತಿದ್ದ ಮಗ ಜುವಾಂವ್, ಅವನ ಹೆಂಡತಿ ಮಕ್ಕಳು, ಮಂತ್ರಿಗಳು, ಆಳುಕಾಳು, ಎಲ್ಲರೂ ಸಮುದ್ರ ದಾಟಿ 1808ರಲ್ಲಿ ರಿಯೋ ಡಿ ಜನೈರೊಗೆ ಬಂದು ಇಳಿದರು. (ಜುವಾಂವ್ ಅನ್ನುವ ಹೆಸರು ಮಂಗಳೂರು ಕಡೆಯವರಿಗೆ ಹೊಸದಲ್ಲ, ಬಂದಿದ್ದು ಅದೇ ಪೋರ್ಚುಗೀಸರಿಂದ.) ವಸಾಹತಿಗೆ ಓಡಿಬಂದು ಅಲ್ಲಿಂದಲೇ ತಾಯ್ನಾಡನ್ನೂ ಆಳಿದ ಯುರೋಪಿನ ರಾಜಮನೆತನ ಇದೊಂದೇ. ಅಂದರೆ 1821ರವರೆಗೆ ನಮ್ಮ ಕಾರವಾರದ ಪಕ್ಕದಲ್ಲಿರುವ ಗೋವಾದ ದೊರೆ ಕೂತಿದ್ದು ಲಿಸ್ಬನ್‌ನಲ್ಲಲ್ಲ, ರಿಯೋದಲ್ಲಿ! 1815ರ ಡಿಸೆಂಬರ್‌ನಲ್ಲಿ ಬ್ರೆಜಿಲ್‌ಗೂ ರಾಜ್ಯ ಅನ್ನುವ ಪಟ್ಟ ಸಿಕ್ಕಿತು. ಮಾರನೇ ವರ್ಷ ಮುದಿ ರಾಣಿ ತೀರಿಕೊಂಡು ಜುವಾಂವ್ ದೊರೆಯಾದ. ಮಗ ಪೆಡ್ರೋಗೆ ದೊಡ್ಡ ಮನೆತನದ ಹೆಣ್ಣು ತರಬೇಕು ಅನ್ನುವ ಆಸೆ ಶುರುವಾಯಿತು.

ಹೆಣ್ಣು ಸಿಕ್ಕಿದ್ದು ವಿಯೆನ್ನಾದ ಹಾಬ್ಸ್‌ಬರ್ಗ್ ಮನೆತನದಲ್ಲಿ. ಯುದ್ಧಕ್ಕಿಂತ ಮದುವೆಗಳಿಂದಲೇ ಜಾಸ್ತಿ ರಾಜ್ಯ ಗಳಿಸಿದವರು ಎಂದು ಹೆಸರಾದ ಮನೆ ಅದು. ಲಿಯೋಪೋಲ್ಡಿನಾ ಹುಟ್ಟಿದ್ದು 1797ರ ಜನವರಿ 22ರಂದು. ಅಪ್ಪ ಚಕ್ರವರ್ತಿ ಫ್ರಾನ್ಸಿಸ್. ಫ್ರಾನ್ಸಿನಲ್ಲಿ ತಲೆ ಕಡಿಸಿಕೊಂಡ ಮರೀ ಆಂಟೊಯ್ನೆಟ್ ಈಕೆಯ ಅಜ್ಜನ ತಂಗಿ. ಐದು ವರ್ಷ ದೊಡ್ಡವಳಾದ ಅಕ್ಕ ಮರೀ ಲೂಯಿಸ್‌ಳನ್ನು 1810ರಲ್ಲಿ ಅಪ್ಪ ತನ್ನ ಶತ್ರು ನೆಪೋಲಿಯನ್‌ಗೇ ಕೊಟ್ಟು ಮದುವೆ ಮಾಡಿದ್ದ. ಅಂದರೆ ತನ್ನ ಮದುವೆ ಎಂಥ ವ್ಯಾಪಾರವಾಗಬಹುದು ಎಂದು ಈ ಹುಡುಗಿಗೆ ಹದಿಮೂರನೇ ವಯಸ್ಸಿಗೇ ಗೊತ್ತಾಗಿತ್ತು.

ಹತ್ತನೇ ವಯಸ್ಸಿಗೆ ಹೆತ್ತ ತಾಯಿ ತೀರಿಕೊಂಡಿದ್ದಳು. ಬೆಳೆಸಿದ್ದು ಮಲತಾಯಿ ಮರಿಯಾ ಲುಡೊವಿಕಾ. ಮಲತಾಯಿ ಅಂದ ಕೂಡಲೇ ನಮಗೆ ಬರುವ ಚಿತ್ರ ಇಲ್ಲಿ ಹೊಂದುವುದಿಲ್ಲ. ಈಕೆ ಮಕ್ಕಳಿಗೆ ಚೆನ್ನಾಗಿ ಓದಿಸಿದಳು, ಕವಿ ಗಯಟೆಯಂಥವರ ಪರಿಚಯ ಮಾಡಿಸಿದಳು. ಲಿಯೋಪೋಲ್ಡಿನಾಗೆ ಹುಚ್ಚು ಇದ್ದದ್ದು ಒಡವೆಯ ಮೇಲಲ್ಲ, ಕಲ್ಲು, ಗಿಡ, ಚಿಟ್ಟೆಗಳ ಮೇಲೆ. ಖನಿಜಗಳನ್ನು ಕೂಡಿಡುತ್ತಿದ್ದಳು. ಪೋರ್ಚುಗಲ್ ಕಡೆಯಿಂದ ಸಂಬಂಧ ಬಂದಾಗ ಆಕೆ ಬ್ರೆಜಿಲ್ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಲು ಕೂತಳು. ಗಂಡಿಗಿಂತ ಮೊದಲು ಗಂಡಿನ ಊರೇ ಇಷ್ಟವಾಗಿತ್ತು ಅಂದರೂ ನಡೆದೀತು.

1817ರ ಫೆಬ್ರವರಿಯಲ್ಲಿ ಪೋರ್ಚುಗಲ್‌ನ ರಾಯಭಾರಿ ಮಾರಿಯಾಲ್ವಾ ವಿಯೆನ್ನಾಕ್ಕೆ ಬಂದ. ಬಂದ ರೀತಿ ನೋಡಿ ಊರೇ ಬಾಯಿ ಬಿಟ್ಟಿತು. ಅಷ್ಟು ಸಾರೋಟು, ಅಷ್ಟು ಚಿನ್ನ, ವಜ್ರ. ನೆಪೋಲಿಯನ್‌ಗೆ ಹೆದರಿ ಓಡಿಹೋದ ಮನೆಯವರು ನಾವು ಬಡವರಲ್ಲ ಎಂದು ತೋರಿಸಬೇಕಿತ್ತಲ್ಲ. ವರನ ಚಿತ್ರವನ್ನು ಸುತ್ತ ವಜ್ರ ಕೂರಿಸಿ ತಂದಿದ್ದರು. ಹುಡುಗಿ ಒಪ್ಪಿಬಿಟ್ಟಳು. ಹುಡುಗನಿಗೆ ಮೂರ್ಛೆರೋಗ ಇದೆ, ಓದು ಅಷ್ಟಕ್ಕಷ್ಟೇ, ಒಬ್ಬ ಫ್ರೆಂಚ್ ನರ್ತಕಿಯ ಜೊತೆ ಸಂಸಾರದಂತೆಯೇ ಇದ್ದಾನೆ ಅನ್ನುವುದನ್ನು ಚಿತ್ರ ಹೇಳುವುದಿಲ್ಲ. ಆ ನರ್ತಕಿಯನ್ನು ಸೊಸೆ ಬರುವ ಮುಂಚೆ ರಿಯೋದಿಂದ ಸಾಗಹಾಕಿದರು.

1817ರ ಮೇ 13ರಂದು ವಿಯೆನ್ನಾದ ಅಗಸ್ಟೀನಿಯನ್ ಚರ್ಚಿನಲ್ಲಿ ಮದುವೆ ಆಯಿತು, ವರನಿಲ್ಲದೆ. ನಮ್ಮಲ್ಲಿ ಅರಸರು ಕತ್ತಿ ಕಳಿಸಿ ಮದುವೆಯಾಗುತ್ತಿದ್ದರಲ್ಲ, ಹಾಗೆ. ಇಲ್ಲಿ ಕತ್ತಿಯ ಬದಲು ವರನ ಜಾಗದಲ್ಲಿ ನಿಂತವನು ಹುಡುಗಿಯ ಚಿಕ್ಕಪ್ಪ ಕಾರ್ಲ್. ಆ ದಿನವನ್ನೇ ಆರಿಸಿದ್ದು ಅದು ಮಾವ ಜುವಾಂವ್‌ನ ಹುಟ್ಟುಹಬ್ಬ ಅಂತ. ಈ ಮೇ 13 ಅನ್ನುವ ತಾರೀಕು ನೆನಪಿಡಿ, ಇನ್ನೊಮ್ಮೆ ಬರುತ್ತದೆ.

ಆಮೇಲೆ ಇಟಲಿಯ ಲಿವೊರ್ನೊ ಬಂದರಿಗೆ ಹೋಗಿ, ಹಡಗಿಗಾಗಿ ವಾರಗಟ್ಟಲೆ ಕಾದು, ಆಗಸ್ಟ್ ಮಧ್ಯದಲ್ಲಿ ಹೊರಟು, ನವೆಂಬರ್ 5ರಂದು ರಿಯೋ ತಲುಪಿದಳು. ಸಮುದ್ರದ ಮೇಲೇ ಎಂಬತ್ತಕ್ಕೂ ಹೆಚ್ಚು ದಿನ. ಆಕೆಗೆ 20, ಪೆಡ್ರೋಗೆ ಆಗಷ್ಟೇ 19 ತುಂಬಿತ್ತು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಅನ್ನುತ್ತೇವಲ್ಲ, ಈಕೆಯ ವಿಷಯದಲ್ಲಿ ಅದು ಅಕ್ಷರಕ್ಕೆ ಅಕ್ಷರ ನಿಜವಾಯಿತು. ತವರನ್ನು ಮತ್ತೆ ನೋಡಲೇ ಇಲ್ಲ.

ಈ ಮದುವೆಯ ನೆಪದಲ್ಲಿ ಆದ ಒಂದು ಒಳ್ಳೆಯ ಕೆಲಸದ ಬಗ್ಗೆ ಸ್ವಲ್ಪ ಹೇಳಲೇಬೇಕು. ಸುಮ್ನೆ ದಿಬ್ಬಣ ಕಳಿಸುವ ಬದಲು ಆಸ್ಟ್ರಿಯಾ ಒಂದು ವಿಜ್ಞಾನಿಗಳ ತಂಡವನ್ನೇ ಬ್ರೆಜಿಲ್‌ಗೆ ಕಳಿಸಿತು. ಚಿತ್ರಕಾರ ಥಾಮಸ್ ಎಂಡರ್ ಅದರಲ್ಲಿದ್ದ. ಬವೇರಿಯಾದ ರಾಜ ತನ್ನ ಕಡೆಯಿಂದ ಸ್ಪಿಕ್ಸ್ ಮತ್ತು ಮಾರ್ಟಿಯುಸ್ ಎಂಬ ಇಬ್ಬರನ್ನು ಸೇರಿಸಿದ. ಯೋಹಾನ್ ನಾಟೆರರ್ ಎಂಬ ಪ್ರಾಣಿತಜ್ಞನಂತೂ ಸ್ವಲ್ಪ ದಿನಕ್ಕೆ ಎಂದು ಹೋದವನು 18 ವರ್ಷ ಅಲ್ಲೇ ಕಾಡು ಸುತ್ತಿದ. ಅವನು ಕಳಿಸಿದ ಹಕ್ಕಿ, ಪ್ರಾಣಿಗಳ ರಾಶಿ ಇವತ್ತಿಗೂ ವಿಯೆನ್ನಾದ ಮ್ಯೂಸಿಯಂನಲ್ಲಿದೆ. ಮಾರ್ಟಿಯುಸ್ ಶುರು ಮಾಡಿದ ಬ್ರೆಜಿಲ್ ಸಸ್ಯಗಳ ದೊಡ್ಡ ಗ್ರಂಥ ಮುಗಿದದ್ದು ಅವನು ಸತ್ತು ಎಷ್ಟೋ ವರ್ಷದ ಮೇಲೆ, 1906ರಲ್ಲಿ. ಅಮೆಜಾನ್ ಕಡೆ ಬೆಳೆಯುವ ಒಂದು ಜಾತಿಯ ತಾಳೆಗೆ ಅವನು ಲಿಯೋಪೋಲ್ಡಿನಿಯಾ ಎಂದೇ ಹೆಸರಿಟ್ಟ. ರಾಣಿಯರ ಹೆಸರನ್ನು ಊರಿಗೆ, ಬೀದಿಗೆ ಇಡುವುದು ಮಾಮೂಲಿ. ಗಿಡ ಹುಚ್ಚಿನವಳಿಗೆ ಗಿಡಕ್ಕಿಂತ ಒಳ್ಳೆಯ ಮರ್ಯಾದೆ ಬೇಕಾ?

ಮೊದಮೊದಲು ಸಂಸಾರ ಚೆನ್ನಾಗೇ ಇತ್ತು. ಇಬ್ಬರಿಗೂ ಸಂಗೀತ ಇಷ್ಟ, ಇಬ್ಬರಿಗೂ ಕುದುರೆ ಸವಾರಿ ಇಷ್ಟ. ಆಕೆ ಬೂಟು ಹಾಕಿಕೊಂಡು ಕಾಡಿಗೆ ಹೋಗಿ ಗಿಡ, ಕಲ್ಲು ಹುಡುಕುತ್ತಿದ್ದಳು. ಪೋರ್ಚುಗೀಸ್ ಭಾಷೆ ಕಲಿತಳು. ಸೆಕೆ, ಸೊಳ್ಳೆ, ಮನೆಯವರ ನೆನಪು, ಇವೆಲ್ಲ ಅಕ್ಕನಿಗೆ ಬರೆದ ಪತ್ರಗಳಲ್ಲಿ ಬರುತ್ತವೆ. ಆಕೆಯನ್ನು ಓದಬೇಕೆಂದರೆ ಪತ್ರಗಳಲ್ಲೇ ಓದಬೇಕು, ನೂರಾರು ಉಳಿದಿವೆ. ಅದರ ಜೊತೆಗೆ ಬಸಿರು, ಬಾಣಂತನ. 1819ರಿಂದ 1825ರವರೆಗೆ ವರ್ಷಕ್ಕೆ ಒಂದರಂತೆ ಏಳು ಹೆರಿಗೆ. ಒಂದು ವರ್ಷವೂ ಬಿಟ್ಟಿಲ್ಲ. ಮುಂದೆ ನಾನು ಹೇಳುವ ರಾಜಕೀಯವನ್ನೆಲ್ಲ ಆಕೆ ಮಾಡಿದ್ದು ಹೀಗೆ ಬಸುರಿಯಾಗಿ ಇಲ್ಲವೇ ಹಸಿ ಬಾಣಂತಿಯಾಗಿ.

ಈಗ ಸ್ವಾತಂತ್ರ್ಯದ ವಿಷಯಕ್ಕೆ ಬರೋಣ. 1820ರಲ್ಲಿ ಪೋರ್ಚುಗಲ್‌ನಲ್ಲಿ ದಂಗೆ ಎದ್ದು, ರಾಜ ಊರಿಗೆ ಬರಲಿ, ಸಂವಿಧಾನ ಒಪ್ಪಲಿ ಎಂದು ಜನ ಪಟ್ಟು ಹಿಡಿದರು. 1821ರ ಏಪ್ರಿಲ್‌ನಲ್ಲಿ ಜುವಾಂವ್ ಲಿಸ್ಬನ್‌ಗೆ ವಾಪಸ್ ಹೋದ. ಪೆಡ್ರೋನನ್ನು ಬ್ರೆಜಿಲ್ ನೋಡಿಕೊಳ್ಳಲು ಬಿಟ್ಟ. ಆಗ ಲಿಯೋಪೋಲ್ಡಿನಾ ಯಾವ ಕಡೆ ಇದ್ದಳು ಗೊತ್ತಾ? ಹಳೆಯ ಕಡೆ. ಸಂವಿಧಾನ, ಸಂಸತ್ತು ಅಂದರೆ ಆಕೆಗೆ ಅಜ್ಜನ ತಂಗಿಯ ಕಡಿದ ತಲೆಯೇ ನೆನಪಾಗುತ್ತಿತ್ತೇನೋ. ದೇವರೇ ಕಾಪಾಡಬೇಕು, ನನ್ನ ಗಂಡನಿಗೆ ಈ ಹೊಸ ವಿಚಾರಗಳ ಮೇಲೆ ಪ್ರೀತಿ ಎಂದು 1821ರ ಜೂನ್‌ನಲ್ಲಿ ಅಪ್ಪನಿಗೆ ಬರೆದಿದ್ದಾಳೆ.

ಏಳು ತಿಂಗಳಲ್ಲಿ ಆಕೆ ಪೂರ್ತಿ ತಿರುಗಿದಳು. ನನ್ನ ಪ್ರಕಾರ ಆಕೆಯ ಇಡೀ ಬದುಕಿನಲ್ಲಿ ನೋಡಬೇಕಾದ ಜಾಗ ಇದು. ಲಿಸ್ಬನ್‌ನ ಸಂಸತ್ತು ಬ್ರೆಜಿಲ್‌ಗೆ ಕೊಟ್ಟಿದ್ದ ಅಧಿಕಾರವನ್ನು ಒಂದೊಂದಾಗಿ ಕಿತ್ತುಕೊಳ್ಳುತ್ತಿತ್ತು. ಪೆಡ್ರೋನೂ ವಾಪಸ್ ಬರಲಿ ಎಂದು ಹುಕುಂ ಬಂತು. ಆಕೆಗೆ ಅದು ಒಳ್ಳೆಯದೇ ಆಗಬೇಕಿತ್ತು. ಯುರೋಪಿಗೆ ಹೋಗಬಹುದು, ಅಪ್ಪನನ್ನು, ಅಕ್ಕನನ್ನು ನೋಡಬಹುದು. ಆದರೆ ಆಕೆ ಕೂತು ಲೆಕ್ಕ ಹಾಕಿದಳು. ನಾವು ಹೋದರೆ ಬ್ರೆಜಿಲ್ ಸುಮ್ಮನಿರುವುದಿಲ್ಲ. ಪಕ್ಕದಲ್ಲಿ ಸ್ಪೇನ್‌ನ ವಸಾಹತುಗಳೆಲ್ಲ ಒಡೆದು ಗಣರಾಜ್ಯಗಳಾಗುತ್ತಿವೆ. ಇದೂ ಚೂರುಚೂರಾಗುತ್ತದೆ. ನಾವು ಇಲ್ಲೇ ಉಳಿದು ನಾವೇ ಮುಂದೆ ನಿಂತರೆ ಮಾತ್ರ ಕಿರೀಟ ಉಳಿಯುತ್ತದೆ. 1822ರ ಜನವರಿ 9ರಂದು ಪೆಡ್ರೋ ನಾನು ಇಲ್ಲೇ ಇರುತ್ತೇನೆ ಎಂದು ಘೋಷಿಸಿದ. ಬ್ರೆಜಿಲ್‌ನಲ್ಲಿ ಆ ದಿನವನ್ನು ಇವತ್ತಿಗೂ ನೆನೆಯುತ್ತಾರೆ. ಅದರ ಹಿಂದಿನ ದಿನ ಲಿಯೋಪೋಲ್ಡಿನಾ ತನ್ನ ನಂಬಿಕೆಯವನೊಬ್ಬನಿಗೆ ಬರೆದ ಪತ್ರದಲ್ಲಿ ಗಂಡ ಮನಸ್ಸು ಮಾಡಿದ್ದಾನೆ, ಆದರೆ ನಾನು ಬಯಸಿದಷ್ಟು ಗಟ್ಟಿಯಾಗಿ ಅಲ್ಲ ಎಂದಿದ್ದಾಳೆ. ಮುಂದೆ ಇದ್ದವರು ಯಾರು, ಹಿಂದೆ ಬಂದವರು ಯಾರು, ನೀವೇ ನೋಡಿ.

ಇಲ್ಲಿ ಒಂದು ಎಚ್ಚರ. ವಿಡಿಯೋದವರು ಆಕೆಯನ್ನು ಜನರ ಬಿಡುಗಡೆಗೆ ಹೋರಾಡಿದ ವೀರವನಿತೆ ಎಂದು ಹೇಳಿದ್ದರೆ ಅದನ್ನು ಅರ್ಧ ಮಾತ್ರ ನಂಬಿ. ಆಕೆ ಉಳಿಸಲು ಹೊರಟಿದ್ದು ರಾಜಮನೆತನವನ್ನು. ಸ್ವಾತಂತ್ರ್ಯ ಅದಕ್ಕೆ ದಾರಿ. ರಿಯೋದ ವಲಾಂಗೊ ಧಕ್ಕೆಯಲ್ಲಿ ಆಫ್ರಿಕಾದಿಂದ ಹಿಡಿದು ತಂದ ಜನರನ್ನು ದಿನವೂ ಇಳಿಸುತ್ತಿದ್ದ ಕಾಲ ಅದು. ಸ್ವಾತಂತ್ರ್ಯ ಬಂದ ಮೇಲೂ ಅವರ ಪಾಡು ಬದಲಾಗಲಿಲ್ಲ.

ಆ ನಿರ್ಧಾರಕ್ಕೆ ಆಕೆ ಕೊಟ್ಟ ಬೆಲೆ ದೊಡ್ಡದು. ಪೆಡ್ರೋ ಉಳಿದದ್ದಕ್ಕೆ ರಿಯೋದಲ್ಲಿದ್ದ ಪೋರ್ಚುಗೀಸ್ ಸೈನ್ಯ ತಿರುಗಿ ಬಿತ್ತು. ಏಳು ತಿಂಗಳ ಬಸುರಿ ಲಿಯೋಪೋಲ್ಡಿನಾ ಇಬ್ಬರು ಚಿಕ್ಕ ಮಕ್ಕಳನ್ನು ಕರೆದುಕೊಂಡು, ಜನವರಿಯ ಉರಿಬಿಸಿಲಲ್ಲಿ (ಅಲ್ಲಿ ಜನವರಿ ಅಂದರೆ ನಡುಬೇಸಿಗೆ) ದೂರದ ಸಾಂತಾ ಕ್ರೂಜ್ ತೋಟದ ಮನೆಗೆ ಓಡಬೇಕಾಯಿತು. ವರ್ಷ ತುಂಬದ ಗಂಡುಮಗು ಜುವಾಂವ್ ಕಾರ್ಲೊಸ್ ಆ ಪ್ರಯಾಣದಲ್ಲಿ ಸುಸ್ತಾಗಿ ಕಾಯಿಲೆ ಬಿದ್ದು ಫೆಬ್ರವರಿ 4ರಂದು ತೀರಿಕೊಂಡಿತು. ಮಾರ್ಚ್‌ನಲ್ಲಿ ಮುಂದಿನ ಹೆರಿಗೆ.

1822ರ ಆಗಸ್ಟ್ 13ರಂದು ಪೆಡ್ರೋ ಸಾವೊ ಪಾಲೊ ಕಡೆಯ ಗಲಾಟೆ ತಣಿಸಲು ಹೊರಡುವ ಮುಂಚೆ ಹೆಂಡತಿಯನ್ನು ರೀಜೆಂಟ್ ಮಾಡಿದ. ಅಂದರೆ ಅವನಿಲ್ಲದಾಗ ರಾಜ್ಯದ ಹೊಣೆ ಆಕೆಯದು. ಅಷ್ಟರಲ್ಲಿ ಲಿಸ್ಬನ್‌ನಿಂದ ಹೊಸ ಹುಕುಂಗಳು ಬಂದವು. ಪೆಡ್ರೋನ ಅಧಿಕಾರ ಮೊಟಕು, ಅವನು ವಾಪಸ್ ಬರಲೇಬೇಕು. ಸೆಪ್ಟೆಂಬರ್ 2ರಂದು ಲಿಯೋಪೋಲ್ಡಿನಾ ಮಂತ್ರಿಗಳ ಸಭೆ ಕರೆದು ತಾನೇ ಅಧ್ಯಕ್ಷೆಯಾಗಿ ಕೂತಳು. ಮುಖ್ಯ ಮಂತ್ರಿ ಜೊಸೆ ಬೊನಿಫಾಸಿಯು. ಇವನೂ ಖನಿಜಶಾಸ್ತ್ರದ ಪಂಡಿತ, ಹಾಗಾಗಿ ಇಬ್ಬರಿಗೂ ಚೆನ್ನಾಗಿ ಹೊಂದುತ್ತಿತ್ತು. ಇನ್ನು ಕಾಯುವುದು ಬೇಡ, ಪೋರ್ಚುಗಲ್ ಜೊತೆ ಸಂಬಂಧ ಕಡಿದುಕೊಳ್ಳೋಣ ಎಂದು ಸಭೆ ತೀರ್ಮಾನಿಸಿತು. ಆಕೆಯ ಪತ್ರ, ಬೊನಿಫಾಸಿಯುನ ಪತ್ರ, ಲಿಸ್ಬನ್‌ನ ಹುಕುಂ, ಎಲ್ಲ ಹಿಡಿದುಕೊಂಡು ಪಾವ್ಲು ಬ್ರೆಗಾರು ಎಂಬ ಸವಾರ ಓಡಿದ. ಸೆಪ್ಟೆಂಬರ್ 7ರಂದು ಇಪಿರಂಗಾ ಎಂಬ ಸಣ್ಣ ಹೊಳೆಯ ದಂಡೆಯಲ್ಲಿ ಪೆಡ್ರೋಗೆ ಅವು ತಲುಪಿದವು. ಪತ್ರ ಓದಿ ಅವನು ಸ್ವಾತಂತ್ರ್ಯ ಇಲ್ಲವೇ ಸಾವು ಎಂದು ಕೂಗಿದ. ಸ್ವಾತಂತ್ರ್ಯ ದಿನ ಸೆಪ್ಟೆಂಬರ್ 7 ಆಯಿತು.

ಹಾಗಾದರೆ ಸಹಿ ಹಾಕಿದ್ದು ಯಾರು? ಅಮೆರಿಕದವರಿಗೆ ಇರುವಂಥ, ಎಲ್ಲರೂ ಸಹಿ ಹಾಕಿದ ಒಂದು ಸ್ವಾತಂತ್ರ್ಯ ಘೋಷಣಾ ಪತ್ರ ಬ್ರೆಜಿಲ್‌ಗೆ ಇಲ್ಲ. ಆದ್ದರಿಂದ ಆಕೆ ಸಹಿ ಹಾಕಿದಳು ಅನ್ನುವ ಮಾತು ಸರಿಯಲ್ಲ. ಆದರೆ ತೀರ್ಮಾನ ಆಕೆಯ ಅಧ್ಯಕ್ಷತೆಯ ಸಭೆಯಲ್ಲೇ ಆಯಿತು, ಗಂಡ ಐದು ದಿನದ ಮೇಲೆ ಅದನ್ನು ಕೂಗಿ ಹೇಳಿದ ಅನ್ನುವುದರಲ್ಲಿ ಅನುಮಾನವಿಲ್ಲ. ಹಣ್ಣು ಮಾಗಿದೆ, ಈಗಲೇ ಕೀಳು, ಇಲ್ಲದಿದ್ದರೆ ಕೊಳೆಯುತ್ತದೆ ಎಂದು ಆಕೆ ಬರೆದಳು ಅಂತ ಒಂದು ಮಾತು ಎಲ್ಲೆಲ್ಲೂ ಓಡಾಡುತ್ತದೆ. ಚಂದದ ಮಾತು, ಆದರೆ ಮೂಲ ಪತ್ರ ಸಿಗದೆ ಇರುವ ಮಾತು. ಅದನ್ನು ಸಾಕ್ಷಿಯಾಗಿ ಬಳಸಬೇಡಿ, ಸಭೆಯೇ ಸಾಕು.

ಈ ಸಭೆ ಮತ್ತು ಆ ಹೊಳೆಯ ದಂಡೆ, ಎರಡಕ್ಕೂ ಒಂದೊಂದು ದೊಡ್ಡ ವರ್ಣಚಿತ್ರ ಇದೆ. ಹೊಳೆಯದ್ದನ್ನು ಪೆಡ್ರೊ ಅಮೆರಿಕು 1888ರಲ್ಲಿ ಮುಗಿಸಿದ. ಅದರಲ್ಲಿ ರಾಜಕುಮಾರ ಮೇಲುಜಾತಿ ಕುದುರೆಯ ಮೇಲೆ ಕತ್ತಿ ಎತ್ತಿದ್ದಾನೆ. ನಿಜವಾಗಿ ಆ ದಿನ ಅವನು ಕೂತಿದ್ದು ಹೇಸರಗತ್ತೆಯ ಮೇಲೆ, ಹೊಟ್ಟೆ ಕೆಟ್ಟು ದಾರಿಯುದ್ದಕ್ಕೂ ಇಳಿದು ಇಳಿದು ಹೋಗುತ್ತಿದ್ದ. ಇನ್ನೊಂದು ಚಿತ್ರ ಬಂದದ್ದು ಸ್ವಾತಂತ್ರ್ಯದ ನೂರನೇ ವರ್ಷದಲ್ಲಿ, 1922ಕ್ಕೆ. ಬಿಡಿಸಿದವಳು ಜಿಯಾರ್ಜಿನಾ ಡಿ ಅಲ್ಬುಕರ್ಕಿ. ಅಲ್ಲಿ ಕುದುರೆ ಇಲ್ಲ, ಕತ್ತಿ ಇಲ್ಲ. ಒಂದು ಮೇಜು, ಸುತ್ತ ನಿಂತ ಮಂತ್ರಿಗಳು, ಕೂತು ಕೇಳುತ್ತಿರುವ ಒಬ್ಬ ಹೆಂಗಸು. ಶಾಲೆಯ ಪುಸ್ತಕಗಳಲ್ಲಿ ಜಾಸ್ತಿ ಅಚ್ಚಾಗಿದ್ದು ಯಾವುದು ಎಂದು ಬೇರೆ ಹೇಳಬೇಕಾ?

ಅಕ್ಟೋಬರ್ 12ರಂದು ಪೆಡ್ರೋ ಚಕ್ರವರ್ತಿ ಅನ್ನಿಸಿಕೊಂಡ, ಡಿಸೆಂಬರ್ 1ಕ್ಕೆ ಪಟ್ಟಾಭಿಷೇಕ. ಈಕೆ ಸಾಮ್ರಾಜ್ಞಿ. ಹೊಸ ಬಾವುಟದ ಹಸಿರು ಗಂಡನ ಬ್ರಗಾಂಜಾ ಮನೆತನದ್ದು, ಹಳದಿ ಆಕೆಯ ತವರಿನದು. ಹಸಿರು ಅಂದರೆ ಕಾಡು, ಹಳದಿ ಅಂದರೆ ಚಿನ್ನ ಎಂದು ಮಕ್ಕಳಿಗೆ ಹೇಳಿಕೊಟ್ಟದ್ದು ಆಮೇಲಿನ ಕಾಲದಲ್ಲಿ. ಫುಟ್‌ಬಾಲ್ ಆಟಗಾರರ ಹಳದಿ ಅಂಗಿ ನೋಡಿದಾಗ ಅದು ವಿಯೆನ್ನಾದಿಂದ ಬಂದ ಸೊಸೆಯ ಬಣ್ಣ ಎಂದು ನೆನೆಸಿಕೊಳ್ಳಿ.

ಹೊಸ ದೇಶವನ್ನು ಬೇರೆ ರಾಜ್ಯಗಳು ಒಪ್ಪಬೇಕಲ್ಲ. ಅಪ್ಪನಿಗೆ ಪತ್ರದ ಮೇಲೆ ಪತ್ರ ಬರೆದಳು. ಅಪ್ಪ ಮತ್ತು ಅವನ ಮಂತ್ರಿ ಮೆಟರ್ನಿಕ್ ಜಗ್ಗಲಿಲ್ಲ, ದಂಗೆ ಎದ್ದು ಹುಟ್ಟಿದ ರಾಜ್ಯವನ್ನು ಒಪ್ಪಿದರೆ ತಮ್ಮ ಬುಡಕ್ಕೇ ಬರುತ್ತದೆ ಅನ್ನುವ ಭಯ. ಮೊದಲು ಒಪ್ಪಿದವರಲ್ಲಿ ಅಮೆರಿಕ, 1824ರಲ್ಲಿ. ಪೋರ್ಚುಗಲ್ 1825ರ ಆಗಸ್ಟ್‌ನಲ್ಲಿ ಒಪ್ಪಿತು, ಅದೂ 20 ಲಕ್ಷ ಪೌಂಡ್ ಪರಿಹಾರ ಮಾತಾಡಿಕೊಂಡು. ಮಗಳ ರಾಜ್ಯವನ್ನು ಅಪ್ಪ ಒಪ್ಪಿದ್ದು ಅದಾದ ಮೇಲೆ. ಈ ನಡುವೆ ಜರ್ಮನ್ ಮಾತಾಡುವ ರೈತರನ್ನು ಕರೆಸಿ ದಕ್ಷಿಣದಲ್ಲಿ ನೆಲೆ ನಿಲ್ಲಿಸಿದರು. 1824ರ ಜುಲೈನಲ್ಲಿ ಶುರುವಾದ ಆ ಊರಿನ ಹೆಸರು ಸಾವೊ ಲಿಯೋಪೋಲ್ಡೊ, ಈಕೆಯ ಗೌರವಕ್ಕೆ.

ಇನ್ನು ಸವತಿಯ ವಿಷಯ. ಪೆಡ್ರೋ 1822ರ ಆಗಸ್ಟ್‌ನಲ್ಲಿ ಸಾವೊ ಪಾಲೊಗೆ ಹೋದನಲ್ಲ, ಹೆಂಡತಿಗೆ ರಾಜ್ಯ ಒಪ್ಪಿಸಿ, ಅದೇ ಪ್ರಯಾಣದಲ್ಲಿ, ಸ್ವಾತಂತ್ರ್ಯ ಕೂಗುವ ಕೆಲವೇ ದಿನ ಮುಂಚೆ, ದೊಮಿಟಿಲಾ ಎಂಬ ಹೆಂಗಸಿನ ಪರಿಚಯವಾಯಿತು. ಸ್ವಲ್ಪ ದಿನದಲ್ಲೇ ಅವಳನ್ನು ರಿಯೋಗೆ ಕರೆಸಿಕೊಂಡ. ಆ ಕಾಲದ ರಾಜರಿಗೆ ಇದು ಹೊಸದಲ್ಲ, ಲಿಯೋಪೋಲ್ಡಿನಾಗೂ ಗೊತ್ತಿಲ್ಲದ ವಿಷಯ ಅಲ್ಲ. ಆದರೆ ಪೆಡ್ರೋಗೆ ಮುಚ್ಚುಮರೆ ಅನ್ನುವುದೇ ಇರಲಿಲ್ಲ. 1825ರಲ್ಲಿ ದೊಮಿಟಿಲಾಳನ್ನು ಹೆಂಡತಿಯ ಸಖಿಯಾಗಿಯೇ ನೇಮಿಸಿದ. ಅಂದರೆ ಸವತಿ ದಿನವೂ ಪಕ್ಕದಲ್ಲೇ ನಿಲ್ಲಬೇಕು, ಅದೂ ಅಧಿಕಾರದಿಂದ. 1824ರಲ್ಲಿ ದೊಮಿಟಿಲಾಗೆ ಮೇ ತಿಂಗಳಲ್ಲಿ ಹೆಣ್ಣುಮಗು, ಲಿಯೋಪೋಲ್ಡಿನಾಗೆ ಆಗಸ್ಟ್‌ನಲ್ಲಿ. 1825ರ ಡಿಸೆಂಬರ್ 2ರಂದು ಲಿಯೋಪೋಲ್ಡಿನಾಗೆ ಗಂಡುಮಗು, ಐದು ದಿನ ಬಿಟ್ಟು ದೊಮಿಟಿಲಾಗೂ ಗಂಡುಮಗು. ಮೊದಲ ಹೆಣ್ಣುಮಗುವನ್ನು ಅವನು ಬಹಿರಂಗವಾಗಿ ತನ್ನದೆಂದು ಒಪ್ಪಿ ಡಚೆಸ್ ಪದವಿ ಕೊಟ್ಟ. 1826ರಲ್ಲಿ ಬಹಿಯಾಕ್ಕೆ ಹೋದಾಗ ಒಂದೇ ಹಡಗಿನಲ್ಲಿ ಹೆಂಡತಿಯೂ ಇದ್ದಳು, ಇವಳೂ ಇದ್ದಳು. ಅದೇ ಅಕ್ಟೋಬರ್‌ನಲ್ಲಿ ದೊಮಿಟಿಲಾಗೆ ಸಾಂತೋಸ್‌ನ ಮಾರ್ಕೇಸಾ ಎಂಬ ದೊಡ್ಡ ಬಿರುದು ಸಿಕ್ಕಿತು.

ಕೈಯಲ್ಲಿ ಕಾಸೂ ಇರಲಿಲ್ಲ. ಕೇಳಿ ಬಂದ ಬಡವರಿಗೆ ಕೊಟ್ಟು, ಸಾಲ ಮಾಡಿ, ಮತ್ತೆ ಕೊಡುವ ಅಭ್ಯಾಸ ಆಕೆಯದು. ಸಾಯುವಾಗ ತಲೆ ಮೇಲೆ ಸಾಲ ಇತ್ತು. 2012ರಲ್ಲಿ ಸಮಾಧಿ ತೆರೆದಾಗ ಮೈಮೇಲೆ ಪಟ್ಟಾಭಿಷೇಕದ ದಿನದ ಉಡುಪೇ ಇತ್ತು. ಕಿವಿಯ ಓಲೆಯಲ್ಲಿದ್ದದ್ದು ಬೆಲೆಬಾಳುವ ಕಲ್ಲಲ್ಲ, ರಾಳ. ವಜ್ರದ ಚೌಕಟ್ಟಿನ ಚಿತ್ರ ತೋರಿಸಿ ಕೇಳಿ ತಂದ ಹೆಣ್ಣು.

1826ರ ನವೆಂಬರ್‌ನಲ್ಲಿ ದಕ್ಷಿಣದ ಯುದ್ಧಕ್ಕೆ ಪೆಡ್ರೋ ಹೊರಟ. ಹೊರಡುವ ಮುಂಚೆ ಗಂಡ ಹೆಂಡತಿ ನಡುವೆ ಜೋರು ಜಗಳ ಆಯಿತು ಅನ್ನುವ ಸುದ್ದಿ ಆಗಲೇ ಊರಲ್ಲಿ ಹಬ್ಬಿತ್ತು. ಮೆಟ್ಟಿಲಿನ ಕತೆ ಬೆಳೆದದ್ದು ಇಲ್ಲಿಂದ. ಅವನು ಹೋಗಿ ಒಂದು ವಾರ ದಾಟುವಷ್ಟರಲ್ಲಿ, ಡಿಸೆಂಬರ್ 2ರಂದು, ಮಗನ ಮೊದಲ ಹುಟ್ಟುಹಬ್ಬದ ದಿನವೇ ಆಕೆಗೆ ಗರ್ಭಪಾತವಾಯಿತು. ಜ್ವರ ಏರಿತು, ನಂಜು ಹರಡಿತು. ಡಿಸೆಂಬರ್ 11ರಂದು ಸಾವೊ ಕ್ರಿಸ್ಟೊವಾವ್ ಅರಮನೆಯಲ್ಲಿ ತೀರಿಕೊಂಡಳು. ಸಾಯುವ ಮೂರು ದಿನ ಮುಂಚೆ ಅಕ್ಕನಿಗೆ ಬರೆಸಿದ್ದು ಎಂದು ಹೇಳುವ, ಗಂಡನನ್ನು ದೂರುವ ಒಂದು ಪತ್ರವಿದೆ. ಸಿಕ್ಕಿರುವುದು ನಕಲು ಮಾತ್ರ, ಹಾಗಾಗಿ ನಾನು ಅದರ ಮೇಲೆ ಜಾಸ್ತಿ ಭಾರ ಹಾಕುವುದಿಲ್ಲ. ಹಾಕುವ ಅಗತ್ಯವೂ ಇಲ್ಲ. ಎಂಟು ವರ್ಷದಲ್ಲಿ ಎಂಟು ಬಸಿರು ಹೊತ್ತ ದೇಹ, ಆ ಕಾಲದ ವೈದ್ಯ, ಕಣ್ಣೆದುರಿಗೇ ಸವತಿ. ಇಷ್ಟು ಸಾಕಾಗಿತ್ತು, ಮೆಟ್ಟಿಲು ಬೇಕಿರಲಿಲ್ಲ.

ಊರಿನ ಜನ ಮಾತ್ರ ದೊಮಿಟಿಲಾ ಮೇಲೆ ಕೆರಳಿ ಅವಳ ಮನೆಗೆ ಕಲ್ಲು ತೂರಿದರು. ಪೆಡ್ರೋ ಮುಂದೆ 1829ರಲ್ಲಿ ಅವಳನ್ನು ದೂರ ಕಳಿಸಿ ಅಮೇಲಿಯಾ ಎಂಬ ಇನ್ನೊಬ್ಬ ಯುರೋಪಿನ ಹುಡುಗಿಯನ್ನು ಮದುವೆಯಾದ. 1831ರಲ್ಲಿ ಪಟ್ಟ ಬಿಟ್ಟು ಹೋದ. ಐದು ವರ್ಷದ ಮಗ ಎರಡನೇ ಪೆಡ್ರೋ ದೊರೆಯಾಗಿ 1889ರವರೆಗೆ ಇದ್ದ. ಇವನೂ ಅಮ್ಮನ ಹಾಗೆ ಪುಸ್ತಕ, ವಿಜ್ಞಾನದ ಹುಚ್ಚಿನವನು. ರಿಯೋದಲ್ಲಿ ಹುಟ್ಟಿದ ಹಿರಿ ಮಗಳು ಮರಿಯಾ ಪೋರ್ಚುಗಲ್‌ನ ರಾಣಿಯಾದಳು. ಆ ಮೇ 13ರ ಮಾತು ಬಾಕಿ ಇದೆ ನೋಡಿ. 1888ರ ಮೇ 13ರಂದು ಬ್ರೆಜಿಲ್‌ನಲ್ಲಿ ಗುಲಾಮಗಿರಿ ರದ್ದಾಯಿತು. ಆ ಕಾನೂನಿಗೆ ಸಹಿ ಹಾಕಿದ್ದು ಲಿಯೋಪೋಲ್ಡಿನಾಳ ಮೊಮ್ಮಗಳು ಇಜಬೆಲ್, ಅಪ್ಪ ಊರಲ್ಲಿಲ್ಲದಾಗ, ರೀಜೆಂಟ್ ಆಗಿ. ಅಜ್ಜಿ ಕೂತ ಜಾಗದಲ್ಲೇ ಕೂತು. ಸಹಿ ಹಾಕಿದ ಹೆಣ್ಣು ಬೇಕಿದ್ದರೆ ಆ ಮನೆಯಲ್ಲಿ ಇವಳಿದ್ದಾಳೆ.

ಲಿಯೋಪೋಲ್ಡಿನಾ ತೀರಿಕೊಂಡ ಅರಮನೆ ಆಮೇಲೆ ಬ್ರೆಜಿಲ್‌ನ ರಾಷ್ಟ್ರೀಯ ಮ್ಯೂಸಿಯಂ ಆಯಿತು. 2018ರಲ್ಲಿ ಬೆಂಕಿ ಬಿದ್ದು ಬಹುತೇಕ ಸುಟ್ಟುಹೋಯಿತು. ಅದೂ ಸೆಪ್ಟೆಂಬರ್ 2ರ ರಾತ್ರಿ, ಆಕೆಯ ಸಭೆಯ ತಾರೀಕಿಗೇ.

ಆಕೆಯ ದೇಹಕ್ಕೂ ಒಂದು ಕಡೆ ನೆಲೆ ಸಿಗಲಿಲ್ಲ. ಮೊದಲು ರಿಯೋದ ಒಂದು ಕಾನ್ವೆಂಟು, ಆಮೇಲೆ ಇನ್ನೊಂದು, 1954ರಲ್ಲಿ ಸಾವೊ ಪಾಲೊದ ಇಪಿರಂಗಾ ಸ್ಮಾರಕ. 1972ರಲ್ಲಿ ಪೋರ್ಚುಗಲ್‌ನಿಂದ ಗಂಡನ ಅವಶೇಷ ತಂದು ಅಲ್ಲೇ ಇಟ್ಟರು. 1980ರ ದಶಕದಲ್ಲಿ ಅವನ ಎರಡನೇ ಹೆಂಡತಿ ಅಮೇಲಿಯಾಳನ್ನೂ ತಂದರು. ಈಗ ಮೂವರೂ ಒಂದೇ ನೆಲಮಾಳಿಗೆಯಲ್ಲಿದ್ದಾರೆ. ದೊಮಿಟಿಲಾಳ ಸಮಾಧಿಯೂ ಅದೇ ಊರಿನ ಕೊನ್ಸೊಲಸಾವ್ ಸ್ಮಶಾನದಲ್ಲಿದೆ. ಪೆಡ್ರೋನ ಹೃದಯ ಮಾತ್ರ ಇವರು ಯಾರ ಹತ್ತಿರವೂ ಇಲ್ಲ. ಅವನ ಇಷ್ಟದಂತೆ ಅದನ್ನು ಬೇರೆ ತೆಗೆದು ಪೋರ್ಚುಗಲ್‌ನ ಪೋರ್ಟೊ ನಗರಕ್ಕೆ ಕೊಟ್ಟಿದ್ದರು. ಅಲ್ಲಿನ ಒಂದು ಚರ್ಚಿನಲ್ಲಿ ಗಾಜಿನ ಪಾತ್ರೆಯಲ್ಲಿದೆ. 2022ರಲ್ಲಿ ಸ್ವಾತಂತ್ರ್ಯಕ್ಕೆ 200 ವರ್ಷ ತುಂಬಿದಾಗ ವಿಮಾನದಲ್ಲಿ ಬ್ರೆಜಿಲ್‌ಗೆ ತಂದು ತೋರಿಸಿ, ವಾಪಸ್ ಒಯ್ದರು.